ಟೆಂಟು ನಮ್ದು, ಟಾಯ್ಲೆಟ್ಟು ಯಾರ್ದು?

2020ರ ಕಥೆ ಇದು. ತಿಂಗಳುಗಟ್ಲೆ ಬಾಗ್ಲು ಹಾಕ್ಕೊಂಡು ಕೂತು ಕೂತು ಸೋಫಾದ ಮೇಲೆ ನಮ್ಮ ಅಚ್ಚು ಬಿದ್ದಿತ್ತೋ ನಮ್ಮ ಮೇಲೆ ಸೋಫಾದ ಅಚ್ಚು ಬಿದ್ದಿತ್ತೋ ಗೊತ್ತಾಗದ ಟೈಮು. ಕ್ಯಾಂಪ್‌ಸೈಟುಗಳು ಮತ್ತೆ ಓಪನ್ ಆಗ್ತಾವಂತೆ ಅನ್ನೋ ಸುದ್ದಿ ಬಂದಿದ್ದೇ ತಡ, ನಮ್ ಗುಂಡ ತಲೆಗೆ ಹೆಡ್‌ಲ್ಯಾಂಪ್ ಕಟ್ಕೊಂಡೇ ವಿಡಿಯೋ ಕಾಲಿಗೆ ಬಂದ. ಹಗಲು ಹನ್ನೊಂದು ಗಂಟೆ ಆಗ.

"ಏಳ್ರೋ, ಹೊರಡೋಣ. ಟೆಂಟಿದೆ, ಸ್ಲೀಪಿಂಗ್ ಬ್ಯಾಗಿದೆ, ಇನ್ನೇನ್ ಬೇಕು?"

"ಟಾಯ್ಲೆಟ್ಟು" ಅಂದ್ಲು ರಾಜಿ.

ರಾಜಿ ಲೆಕ್ಕಪತ್ರದ ಕೆಲಸದವಳು, ಬೇರೆಯವ್ರು ಫೋಟೋ ನೋಡಿ ಬುಕಿಂಗ್ ಮಾಡಿದ್ರೆ ಇವಳು ಕೆಳಗಡೆ ಇರುವೆ ಸಾಲಿನ ಹಾಗೆ ಬರೆದಿರೋ ಕಂಡೀಷನ್ ಓದಿ ಮಾಡ್ತಾಳೆ. ಗುಂಡ ಕಳಿಸಿದ್ದ ಬುಕಿಂಗ್ ಮೇಲನ್ನ ಗಟ್ಟಿಯಾಗಿ ಓದಿದ್ಲು. ಶವರ್ ಬಂದ್. ಅಡಿಗೆ ಶೆಡ್ ಬಂದ್. ಪಾತ್ರೆ ತೊಳೆಯೋ ಸಿಂಕು ಬಂದ್. ವಾಷಿಂಗ್ ಮಷೀನು, ಮಕ್ಕಳ ಉಯ್ಯಾಲೆ, ಎಲ್ಲಾ ಬಂದ್. ಟಾಯ್ಲೆಟ್ ಮಾತ್ರ ಓಪನ್, ಅದೂ ಒಂದ್ಸಲಕ್ಕೆ ಒಂದೇ ಮನೆಯವ್ರು. "ಇಷ್ಟೆಲ್ಲಾ ಮುಚ್ಚಿರೋದಕ್ಕೆ ರೇಟು ಎಷ್ಟು ಗೊತ್ತಾ? ಹೋದ ವರ್ಷಕ್ಕಿಂತ ಜಾಸ್ತಿ."

ಗುಂಡನ ಹೆಡ್‌ಲ್ಯಾಂಪ್ ಹಂಗೇ ಒಂದ್ಸಲ ಬಾಗ್ತು. "ಅನ್ಯಾಯ ಅಲ್ವೇನೋ ಇದು? ಅರ್ಧ ಮುಚ್ಚಿದ್ರೆ ಅರ್ಧ ದುಡ್ಡು ತಾನೇ ತಗೋಬೇಕು?"

ಇಲ್ಲಿ ಸೀನ ಕೆಮ್ಮಿದ. (ಆಗಿನ ಕಾಲದಲ್ಲಿ ಯಾರಾದ್ರೂ ಕೆಮ್ಮಿದ್ರೆ ವಿಡಿಯೋ ಕಾಲಲ್ಲೂ ಎಲ್ಲರೂ ಒಂದಿಂಚು ಹಿಂದೆ ಸರೀತಿದ್ವಿ.) ಸೀನ ಒಂದಷ್ಟು ವರ್ಷ ಒಂದು ಕ್ಯಾಂಪ್‌ಸೈಟಲ್ಲಿ ವಾರ್ಡನ್ ಆಗಿದ್ದವ್ನು, ಓನರ್‌ಗಳ ಪರ ವಕೀಲಿಕೆ ಅವಂಗೆ ರಕ್ತದಲ್ಲೇ ಬಂದ್ಬಿಟ್ಟಿದೆ.

"ನೋಡೋ ಗುಂಡ, ದಿನದ ಖರ್ಚು ನೂರು ಭಾಗ ಅಂದ್ಕೋ, ನೂರು ಟೆಂಟ್ ಬಂದ್ರೆ ತಲೆಗೊಂದು ಭಾಗ. ಈಗ ಐವತ್ತೇ ಟೆಂಟು. ಜಾಗದ ಬಾಡಿಗೆ ಅರ್ಧ ಆಗತ್ತಾ? ಇನ್ಶೂರೆನ್ಸ್ ಅರ್ಧ ಆಗತ್ತಾ? ಸಾಲದ ಕಂತು ಅರ್ಧ ಆಗತ್ತಾ? ಶವರ್ ಮುಚ್ಚಿದ್ರೆ ಉಳಿಯೋದು ಬಿಸಿನೀರಿನ ಬಿಲ್ಲು, ಗೋಡೆ ಕಟ್ಟಿದ ಸಾಲ ಹಂಗೇ ಇರತ್ತೆ. ಮೇಲಿಂದ ಮುಂಚೆ ದಿನಕ್ಕೆರಡು ಸಲ ತೊಳೀತಿದ್ದ ಟಾಯ್ಲೆಟ್ಟನ್ನ ಈಗ ಗಂಟೆಗೊಂದ್ಸಲ ಒರೆಸ್ಬೇಕು, ಅದಕ್ಕೊಬ್ರು ಆಳು. ಖರ್ಚು ನೂರಿಪ್ಪತ್ತಾಯ್ತು ಅಂತಿಟ್ಕೋ. ಐವತ್ತರಿಂದ ಭಾಗಿಸು."

"ಎರಡು ಪಾಯಿಂಟ್ ನಾಕು" ಅಂದ್ಲು ರಾಜಿ, ಕ್ಯಾಲ್ಕುಲೇಟರ್ ಮುಟ್ಟದೆ.

"ನೋಡಿದ್ಯಾ? ಅವನು ಒಂದೂಕಾಲು ಕೇಳ್ತಿದಾನೆ, ನಿನಗೆ ದಾನ ಮಾಡ್ತಿದಾನೆ."

"ಸೌಲಭ್ಯ ಅರ್ಧ, ರೇಟು ಒಂದೂಕಾಲು, ಅದರ ಮೇಲೆ ನಾನು ಕೈಮುಗೀಬೇಕಾ?"

ನನಗೆ ಈಗ್ಲೂ ಅನ್ಸೋದು, ಇಬ್ರದ್ದೂ ಲೆಕ್ಕ ಸರಿಯಾಗೇ ಇತ್ತು, ಅದೇ ತೊಂದ್ರೆ. ಗುಂಡ ತನಗೆ ಸಿಗೋದನ್ನ ಎಣಿಸ್ತಿದ್ದ, ಸೀನ ಓನರ್‌ಗೆ ಬೀಳೋದನ್ನ ಎಣಿಸ್ತಿದ್ದ. ಇಂಥಾ ಜಗಳ ಮುಗಿಯಲ್ಲ, ಫೋನಿನ ಚಾರ್ಜ್ ಮುಗಿಯತ್ತೆ.

ಆದ್ರೆ ರಾಜಿ ಬಿಡ್ಲಿಲ್ಲ. "ಒಂದ್ನಿಮಿಷ ಸೀನ. ಐವತ್ತೇ ಟೆಂಟ್ ಯಾಕೆ? ಬ್ರಿಟನ್ ಕಡೆ ಸೈಟುಗಳಲ್ಲಿ ಬೆಂಕಿ ಭಯಕ್ಕೆ ಅಂತ ಟೆಂಟಿಗೂ ಟೆಂಟಿಗೂ 6 ಮೀಟರ್ ಬಿಡೋದು ಕೊರೊನಾ ಹುಟ್ಟೋಕ್ ಮುಂಚಿನ ಪದ್ಧತಿ. ಕೊರೊನಾಗೆ ಅಲ್ಲಿ ಹೇಳಿದ್ದು 2 ಮೀಟರ್, ಜರ್ಮನಿಯಲ್ಲಿ ಒಂದೂವರೆ, ವಿಶ್ವ ಆರೋಗ್ಯ ಸಂಸ್ಥೆ ಅಂತೂ ಒಂದೇ ಮೀಟರ್ ಸಾಕು ಅಂತಿತ್ತು. ಹುಲ್ಲಿನ ಮೇಲೆ ಬೇಕಾದ್ದಕ್ಕಿಂತ ಮೂರು ಪಟ್ಟು ದೂರ ಮೊದ್ಲೇ ಇದೆಯಲ್ಲ."

ಸೀನ ನಕ್ಕ. "ಹುಲ್ಲಿನ ಮೇಲೆ ಇದೆ ಕಣೇ, ಟಾಯ್ಲೆಟ್ ಬಾಗ್ಲಲ್ಲಿ ಇಲ್ಲ. ಒಂದು ಸೈಟಲ್ಲಿ ಎಷ್ಟು ಟೆಂಟ್ ಹಿಡಿಸತ್ತೆ ಅಂತ ತೀರ್ಮಾನ ಮಾಡೋದು ಮೈದಾನ ಅಲ್ಲ, ಕಮೋಡು."

ಈ ಮಾತು ಕೇಳಿ ಮೇಷ್ಟ್ರು ಕ್ಯಾಮೆರಾ ಆನ್ ಮಾಡಿದ್ರು. ಮೇಷ್ಟ್ರು ರಿಟೈರಾದ ಗಣಿತದ ಮೇಷ್ಟ್ರು, ಒಳ್ಳೇ ಲೆಕ್ಕ ಸಿಕ್ಕಿದ್ರೆ ಮಾತ್ರ ಮುಖ ತೋರಿಸೋದು. "ಬರ್ಕೊಳ್ರಪ್ಪಾ. ಒಂದು ಟಾಯ್ಲೆಟ್ ಬ್ಲಾಕು. ಒಂದ್ಸಲಕ್ಕೆ ಒಂದೇ ಕುಟುಂಬ. ಹೋಗಿ ಬಂದು ಒರೆಸಿ ಮುಗ್ಸೋಕೆ ಹತ್ತು ನಿಮಿಷ. ನಲವತ್ತು ಕುಟುಂಬ. ಬೆಳಗ್ಗೆ ಆರಕ್ಕೆ ಶುರು ಮಾಡಿದ್ರೆ ಕೊನೇ ಕುಟುಂಬ ಹೊರಗೆ ಬರೋದು ಎಷ್ಟೊತ್ತಿಗೆ?"

ಎಲ್ಲರೂ ಬೆರಳು ಮಡಚ್ತಾ ಕೂತ್ವಿ.

"ಹನ್ನೆರಡೂ ನಲವತ್ತು" ಅಂದ್ರು ಮೇಷ್ಟ್ರು. "ಅಷ್ಟೊತ್ತಿಗೆ ಮೊದಲನೇ ಕುಟುಂಬ ಮತ್ತೆ ಕ್ಯೂನಲ್ಲಿ ನಿಂತಿರತ್ತೆ."

ಗುಂಡ ಹೆಡ್‌ಲ್ಯಾಂಪ್ ಬಿಚ್ಚಿಟ್ಟ.

ಮೇಷ್ಟ್ರಿಗೆ ಒಂದ್ಸಲ ಆನ್ ಆದ್ರೆ ಆಫ್ ಬಟನ್ ಇಲ್ಲ. ಸರ್ಕಾರಗಳಿಗೂ ಈ ಟಾಯ್ಲೆಟ್ಟೇ ತಲೆನೋವು ಆಗಿದ್ದು ಅಂತ ಹೇಳೋಕೆ ಹೊರಟ್ರು. ಇಂಗ್ಲೆಂಡಲ್ಲಿ ಜುಲೈ 4ಕ್ಕೆ ಸೈಟುಗಳು ತೆರೆದ್ವು. ಸ್ಕಾಟ್ಲೆಂಡಲ್ಲಿ ಜುಲೈ 3ಕ್ಕೆ ತಮ್ಮದೇ ಟಾಯ್ಲೆಟ್ಟು ಬಚ್ಚಲು ಇರೋ ಕಾಟೇಜು, ಕ್ಯಾರವಾನಿಗೆ ಮಾತ್ರ ಬಾಗ್ಲು ತೆಗೆದ್ರು, ಹಂಚ್ಕೊಂಡು ಬಳಸೋವ್ರು 15ನೇ ತಾರೀಕಿನ ತನಕ ಕಾಯ್ಬೇಕಾಯ್ತು. ವೇಲ್ಸಲ್ಲಿ 11ಕ್ಕೆ ಸ್ವಂತದ್ದು ಇರೋವ್ರು, 25ಕ್ಕೆ ಮಿಕ್ಕವ್ರು. "ಅಂದ್ರೆ ಏನಾಯ್ತು? ಒಂದು ಟಾಯ್ಲೆಟ್ಟಿನ ತೂಕ ಸ್ಕಾಟ್ಲೆಂಡಲ್ಲಿ ಹನ್ನೆರಡು ದಿನ, ವೇಲ್ಸಲ್ಲಿ ಹದಿನಾಲ್ಕು ದಿನ, ಇಂಗ್ಲೆಂಡಲ್ಲಿ ಸೊನ್ನೆ. ಒಂದೇ ದ್ವೀಪ, ಒಂದೇ ವೈರಸ್ಸು."

"ವೈರಸ್ಸಿಗೆ ಗಡಿ ಗೊತ್ತಾಗ್ಬೇಕಲ್ಲ ಸಾರ್, ಬೋರ್ಡ್ ಓದ್ಕೊಂಡು ಬರತ್ತೇನೋ" ಅಂದ ಗುಂಡ.

ಅದೇ ತಿಂಗಳು 15ರಿಂದ ಅಲ್ಲಿ ಟೆಂಟ್ ಜಾಗದ ಮೇಲಿನ ವ್ಯಾಟ್ ತೆರಿಗೆ 20ರಿಂದ ಶೇಕಡಾ 5ಕ್ಕೆ ಇಳೀತು, ಅದನ್ನೂ ಮೇಷ್ಟ್ರೇ ಹೇಳಿದ್ದು. ನೂರಿಪ್ಪತ್ತು ಇದ್ದ ರೇಟು ನೂರೈದಾಗ್ಬೋದಿತ್ತು. ಆದ್ರೆ ಗಿರಾಕಿಗೆ ಇಳಿಸ್ಲೇಬೇಕು ಅಂತ ಕಡ್ಡಾಯ ಇರ್ಲಿಲ್ಲ, ಮುಚ್ಚಿಕೊಂಡು ಸೊರಗಿದ್ದವ್ರು ಉಸಿರಾಡ್ಲಿ ಅನ್ನೋದೂ ಅದರ ಉದ್ದೇಶ. ಗುಂಡ ಇದನ್ನ ಕೇಳಿ "ಆ ಹದಿನೈದು ಎಲ್ಲಿ ಹೋಯ್ತು?" ಅಂತ ಸೀನನನ್ನ ಗುರಾಯಿಸಿದ, ಸೀನನೇ ಜೇಬಿಗಿಳಿಸಿದ ಹಾಗೆ. "ಸ್ಯಾನಿಟೈಸರ್ ಬಾಟ್ಲಲ್ಲಿ ಹೋಯ್ತು" ಅಂದ ಸೀನ.

"ಆಯ್ತಪ್ಪಾ, ಟಾಯ್ಲೆಟ್ ಬಿಡು. ಶವರ್ ಯಾಕೆ ಮುಚ್ಚಿರೋದು? ನಲ್ಲಿ ತಿರುಗಿಸಿದ್ರೆ ನೀರು ಬರತ್ತೆ, ಅದಕ್ಕೇನು ಮುಹೂರ್ತ ಬೇಕಾ?" ಇದು ನನ್ನ ಪ್ರಶ್ನೆ. ಕೇಳಬಾರದಿತ್ತು, ಯಾಕಂದ್ರೆ ಆಮೇಲೆ ಹದಿನೈದು ದಿನ ನಮ್ಮನೆ ಶವರ್ ಕೆಳಗೂ ಭಯದಿಂದ ನಿಂತೆ.

ಸೀನ ಸೀರಿಯಸ್ ಆದ. ತಿಂಗಳುಗಟ್ಲೆ ಪೈಪಲ್ಲಿ ನಿಂತ ನೀರಲ್ಲಿ ಲೀಜನೆಲ್ಲಾ ಅಂತ ಒಂದು ಬ್ಯಾಕ್ಟೀರಿಯಾ ಬೆಳೆಯತ್ತಂತೆ, ಅದಕ್ಕೆ 20ರಿಂದ 45 ಡಿಗ್ರಿ ಸೆಲ್ಸಿಯಸ್ ಅಂದ್ರೆ ಅಚ್ಚುಮೆಚ್ಚು. ಆ ನೀರು ಕುಡಿದ್ರೆ ಅಷ್ಟು ಹೆದರಬೇಕಾಗಿಲ್ಲ, ಶವರಿನ ತುಂತುರು ಉಸಿರಲ್ಲಿ ಒಳಗೆ ಹೋದ್ರೆ ನ್ಯುಮೋನಿಯಾ ತರತ್ತೆ. 1976ರಲ್ಲಿ ಫಿಲಡೆಲ್ಫಿಯಾದಲ್ಲಿ ಅಮೆರಿಕನ್ ಲೀಜನ್ ಅನ್ನೋ ಮಾಜಿ ಸೈನಿಕರ ಸಂಘದ ಸಮಾವೇಶದಲ್ಲಿ ಜನ ಕಾಯಿಲೆ ಬಿದ್ದು ಸತ್ತಾಗ ಗೊತ್ತಾಗಿದ್ದು, ಆ ಸಂಘದ ಹೆಸರೇ ಕಾಯಿಲೆಗೂ ಅಂಟ್ಕೊಂಡಿದ್ದು. ಅದಕ್ಕೇ ಬಾಗ್ಲು ತೆಗೆಯೋಕ್ ಮುಂಚೆ ಒಂದೊಂದು ನಲ್ಲಿ, ಒಂದೊಂದು ಶವರ್ ಬಿಟ್ಟು ಹಳೇ ನೀರು ಹರಿಸ್ಬೇಕು, ಶವರಿನ ತಲೆ ಬಿಚ್ಚಿ ತೊಳೀಬೇಕು, ಟ್ಯಾಂಕಲ್ಲಿ ಬಿಸಿನೀರು 60 ಡಿಗ್ರಿ ಇರ್ಬೇಕು.

"ಅಂದ್ರೆ ಕೊರೊನಾದಿಂದ ಕಾಪಾಡೋಕೆ ಮುಚ್ಚಿದ ಶವರ್ರು, ಮುಚ್ಚಿದ್ದಕ್ಕೇ ಇನ್ನೊಂದು ರೋಗದ ಬುಟ್ಟಿ ಆಯ್ತಾ" ಅಂದ್ಲು ರಾಜಿ. "ಮತ್ತೆ ಈ ಹರಿಸೋ ನೀರಿನ ಖರ್ಚನ್ನ ಸ್ನಾನ ಮಾಡ್ದೇ ಇರೋ ನಾವು ಕೊಡ್ಬೇಕು."

ಅಷ್ಟರಲ್ಲಿ ಗುಂಡ ಪರದೆಯಿಂದ ಮಾಯ. ನೋಡಿದ್ರೆ ಹಿಂದೆ ಟೆಂಟಿನ ಕಡ್ಡಿಗಳನ್ನೆಲ್ಲಾ ಸಾಲಾಗಿ ಮಲಗಿಸಿ ಸ್ಪ್ರೇ ಹೊಡೀತಿದಾನೆ. ಮಾರ್ಚಲ್ಲಿ ಬಂದಿದ್ದ ಒಂದು ಪ್ರಯೋಗದಲ್ಲಿ ವೈರಸ್ಸು ಪ್ಲಾಸ್ಟಿಕ್ಕಿನ ಮೇಲೆ 72 ಗಂಟೆವರೆಗೂ ಪತ್ತೆಯಾಯ್ತು, ರಟ್ಟಿನ ಮೇಲೆ 24, ತಾಮ್ರದ ಮೇಲೆ 4 ಅಂತ ಎಲ್ಲೋ ಓದಿದ್ದ. ಮೂರು ತಿಂಗಳಿಂದ ಅಟ್ಟದ ಮೇಲಿದ್ದ ಟೆಂಟಿಗೆ ಯಾಕೋ ಸ್ಪ್ರೇ ಅಂದ್ರೆ, "ಇರ್ಲಿ, ಅದಕ್ಕೂ ಖುಷಿ" ಅಂದ.

ನಗಬೇಡಿ, ಎಲ್ಲರೂ ಒರೆಸಿದೋವ್ರೇ. ಆ ಜುಲೈನಲ್ಲೇ 239 ವಿಜ್ಞಾನಿಗಳು ಸೇರಿ, ಸ್ವಾಮಿ ಇದು ಗಾಳಿಯಲ್ಲಿ ಹೋಗತ್ತೆ ಅದನ್ನ ಗಮನಿಸಿ ಅಂತ ಬಹಿರಂಗ ಪತ್ರ ಬರೆದ್ರು. 2021ರ ಏಪ್ರಿಲ್ ಹೊತ್ತಿಗೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ವೈರಸ್ಸಿರೋ ಜಾಗವನ್ನ ಒಂದ್ಸಲ ಮುಟ್ಟಿದ್ರೆ ಅಂಟೋ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತ ಕಮ್ಮಿ ಅಂತ ಹೇಳ್ತು. ಅಂದ್ರೆ ಗಂಟೆಗೊಂದ್ಸಲ ಒರೆಸಿದ ಆ ಫಳಫಳ, ಆದ್ರೆ ಗಾಳಿಯಾಡದ ಟಾಯ್ಲೆಟ್ಟಿಗಿಂತ ಕಿಟಕಿ ಮುರಿದು ಬಾಗ್ಲು ಸರಿಯಾಗಿ ಹಾಕ್ಕೊಳ್ಳದ ಹಳೇ ಟಾಯ್ಲೆಟ್ಟು ಎಷ್ಟೋ ಮೇಲಿತ್ತು. ದುಡ್ಡು ಹೋಗಿದ್ದು ಬಟ್ಟೆಗೆ, ಬೇಕಾಗಿದ್ದು ಗಾಳಿಗೆ. ಒರೆಸಿದ್ದು ಪೂರ್ತಿ ದಂಡ ಅಂತಲ್ಲ, ಟಾಯ್ಲೆಟ್ಟಿಗೆ ಆ ಮಟ್ಟದ ಮರ್ಯಾದೆ ಸಿಕ್ಕಿದ್ದು ಆ ವರ್ಷ ಮಾತ್ರ.

ರಾಜಿ ಈಗ ಹೊಸ ರೇಟ್ ಕಾರ್ಡ್ ಬರೆದು ತೋರಿಸಿದ್ಲು. ಹುಲ್ಲಿಗೊಂದು ರೇಟು, ಕರೆಂಟಿಗೊಂದು, ಟಾಯ್ಲೆಟ್ಟಿಗೊಂದು. ಬೇಕಾದ್ದು ತಗೋ, ಬೇಡಾದ್ದು ಬಿಡು. ಸ್ವಂತ ಡಬ್ಬಿ ಟಾಯ್ಲೆಟ್ಟು ತಂದೋವ್ರು ಹುಲ್ಲಿಗೆ ಮಾತ್ರ ಕೊಟ್ರೆ ಸಾಕು.

ಗುಂಡ ಚಪ್ಪಾಳೆ ಹೊಡೆದ. ನಾನೂ ಹೊಡೆದೆ.

"ಸರಿ" ಅಂದ ಸೀನ, ತುಂಬಾ ಶಾಂತವಾಗಿ. "ಗುಂಡ, ನೀನು ಯಾವ ರೇಟ್ ತಗೋತೀಯ?"

"ಹುಲ್ಲು."

"ಡಬ್ಬಿ ಇದೆಯಾ?"

"ಇಲ್ಲ."

"ಮತ್ತೆ ರಾತ್ರಿ ಎರಡು ಗಂಟೆಗೆ?"

ಗುಂಡ ಏನೂ ಹೇಳ್ಲಿಲ್ಲ, ಆದ್ರೆ ಅವನ ಕಣ್ಣು ಪರದೆಯ ಒಂದು ಮೂಲೆಗೆ ಹೋಯ್ತು, ಅಲ್ಲೊಂದು ಪೊದೆ ಇದ್ದ ಹಾಗೆ.

"ಇದಕ್ಕೇ ಕಣ್ರೋ" ಅಂದ ಸೀನ. "ನಾನು ವಾರ್ಡನ್ ಆಗಿದ್ದಾಗ ಟಾರ್ಚ್ ಹಿಡ್ಕೊಂಡು ಓಡಾಡಿದೀನಿ, ನನಗೆ ಗೊತ್ತು. ಟಾಯ್ಲೆಟ್ಟು ಬೇಕಾದೋರು ಕೊಳ್ಳೋ ಸಾಮಾನಲ್ಲ. ನೀನು ಕೊಳ್ದೇ ಇದ್ರೆ ಪಕ್ಕದ ಟೆಂಟಿನವನ ಕಾಲಿಗೆ ಅಂಟತ್ತೆ. ಟಾಯ್ಲೆಟ್ಟಿನ ದುಡ್ಡನ್ನ ಹುಲ್ಲಿನ ರೇಟಲ್ಲೇ ಸೇರ್ಸೋದು ನಿನ್ನ ಅನುಕೂಲಕ್ಕಲ್ಲ, ನಿನ್ನಿಂದ ಮಿಕ್ಕವ್ರನ್ನ ಕಾಪಾಡೋಕೆ."

ಆ ಬೇಸಿಗೆ ಅದು ಕಣ್ಣಿಗೆ ಕಟ್ಟೋ ಹಾಗೇ ಆಯ್ತು. ಸೈಟುಗಳಲ್ಲಿ ಜಾಗ ಕಮ್ಮಿ, ಜನಕ್ಕೆ ಹೊರಗೆ ಹೋಗೋ ಚಟ ಜಾಸ್ತಿ, ಸ್ಕಾಟ್ಲೆಂಡಿನ ಲಾಕ್ ಲೋಮಂಡ್ ಸರೋವರದ ದಡ, ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಕಡೆಯೆಲ್ಲಾ ಸಿಕ್ಕಲ್ಲಿ ಟೆಂಟ್ ಹಾಕಿ, ಬೆಳಗ್ಗೆ ಟೆಂಟೂ ಕಸಾನೂ ಬಿಟ್ಟು, ಇನ್ನೇನೇನೋ ಬಿಟ್ಟು ಹೋದ್ರು ಅಂತ ಪೇಪರ್ ತುಂಬಾ ಸುದ್ದಿ. ಎತ್ತಿ ಹಾಕೋ ಕೆಲಸ ಅಲ್ಲಿನವರ ತಲೆಗೆ ಬಿತ್ತು.

ರಾಜಿ ರೇಟ್ ಕಾರ್ಡಿನ ಮೂರನೇ ಸಾಲು ಹೊಡೆದು ಹಾಕಿದ್ಲು. "ಸರಿ, ಸೇರಿಸ್ಲಿ. ಆದ್ರೆ ಏನು ಮುಚ್ಚಿದೆ ಅಂತ ದುಡ್ಡು ತಗೊಳ್ಳೋಕ್ ಮುಂಚೆ ಹೇಳ್ಬೇಕು, ತಗೊಂಡ ಮೇಲೆ ಅಲ್ಲ." ಇದಕ್ಕೆ ಸೀನನ ಹತ್ರ ಉತ್ತರ ಇರ್ಲಿಲ್ಲ. ಮೇಷ್ಟ್ರು ಕೂಡ ನಿಟ್ಟುಸಿರು ಬಿಟ್ರು, ಅವರ ಏಪ್ರಿಲ್ ಬುಕಿಂಗ್ ಕ್ಯಾನ್ಸಲ್ ಆದಾಗ ಒಂದು ಸೈಟಿನವ್ರು ದುಡ್ಡು ವಾಪಸ್ ಕೊಡದೆ ಮುಂದಿನ ವರ್ಷಕ್ಕೆ ವೋಚರ್ ಕೊಟ್ಟಿದ್ರು. ಮುಂದಿನ ವರ್ಷದ ರೇಟ್ ನೋಡಿದ್ರೆ ಜಾಸ್ತಿ, ವ್ಯತ್ಯಾಸ ಇವರೇ ತುಂಬ್ಬೇಕು. "ನಾನು ಸಾಲ ಕೊಟ್ಟು, ನಾನೇ ಬಡ್ಡಿ ಕಟ್ಟಿದ ಮೊದಲನೇ ಲೆಕ್ಕ ಇದು" ಅಂದ್ರು.

ಕೊನೆಗೆ ಹೊರಟ್ವಿ. ಎಲ್ಲರೂ ದುಡ್ಡು ಹಾಕಿ ಮುಚ್ಚಳ ಇರೋ ಒಂದು ಡಬ್ಬಿ ಟಾಯ್ಲೆಟ್ಟು ತಗೊಂಡ್ವಿ, ಅದರ ಸುತ್ತ ನಿಲ್ಲಿಸೋಕೆ ಟೆಲಿಫೋನ್ ಬೂತ್ ಥರದ ಉದ್ದನೇ ಚಿಕ್ಕ ಟೆಂಟು. ಅದನ್ನ ಯಾರ ಕಾರಲ್ಲಿ ಒಯ್ಯೋದು ಅಂತ ಮೂರು ದಿನ ಮಾತುಕತೆ ನಡೀತು, ಹೋಗೋವಾಗ ಯಾರಾದ್ರೂ ಒಯ್ತಾರೆ, ವಾಪಸ್ ಬರೋವಾಗ ಯಾರು ಅನ್ನೋದೇ ಪ್ರಶ್ನೆ.

ಗೇಟಲ್ಲಿ ಮಾಸ್ಕ್ ಹಾಕಿದ್ದ ಹುಡುಗ ಎರಡು ಮೀಟರ್ ದೂರದಿಂದ ನಮ್ಮ ಸಾಮಾನು ಎಣಿಸಿದ. "ದೊಡ್ಡ ಟೆಂಟು ಎರಡು, ಚಿಕ್ಕದೊಂದು. ಒಟ್ಟು ಮೂರು ಟೆಂಟಿನ ಚಾರ್ಜು."

"ತಮ್ಮಾ, ಚಿಕ್ಕದು ಟಾಯ್ಲೆಟ್ಟು ಕಣಪ್ಪಾ" ಅಂದ ಗುಂಡ. "ನಿಮ್ದು ಬಳಸ್ಬಾರ್ದು ಅಂತ ತಾನೇ ತಂದಿರೋದು! ಅದರಲ್ಲಿ ಯಾರೂ ಮಲಗಲ್ಲ."

"ಟೆಂಟ್ ಅಂದ್ರೆ ಟೆಂಟು ಸಾರ್."

ರಾಜಿ ಸೀನನ ಮುಖ ನೋಡಿದ್ಲು. ಸೀನ ಆಕಾಶ ನೋಡಿದ. ದುಡ್ಡು ಕೊಟ್ವಿ.

ರಾತ್ರಿ ಎಲ್ಲರೂ ಮಲಗೋ ಹೊತ್ತಿಗೆ ಮೇಷ್ಟ್ರು ಕಾಣ್ಲಿಲ್ಲ. ಹುಡುಕಿದ್ರೆ ಚಿಕ್ಕ ಟೆಂಟೊಳಗೆ ಬೆಳಕು. "ಮೇಷ್ಟ್ರೇ, ಅರ್ಧ ಗಂಟೆ ಆಯ್ತು, ನಾವೂ ಇದೀವಿ" ಅಂತ ಗುಂಡ ಹೊರಗೆ ಕಾಲು ಬದಲಾಯಿಸ್ತಾ ನಿಂತ.

ಒಳಗಿಂದ ಪುಟ ತಿರುಗಿಸಿದ ಸದ್ದು ಬಂತು. "ನಾನು ಇವತ್ತು ಇಲ್ಲೇ ಮಲಗೋದು ಕಣಯ್ಯಾ. ಫುಲ್ ಚಾರ್ಜ್ ಕೊಟ್ಟಾಗಿದೆ."