ಇಂಗ್ಲಿಷ್‌ನಲ್ಲಿ ಈ ಹೈಫನ್ ಎಲ್ಲಿ ಹಾಕ್ಬೇಕು, ಎಲ್ಲಿ ಬಿಡ್ಬೇಕು?

ಮಳೆಬಿಲ್ಲು_22
ನಮಸ್ಕಾರ ಎಲ್ರಿಗೂ. ಕನ್ನಡ ಮೀಡಿಯಂನಲ್ಲಿ ಓದ್ದೋಳು ನಾನು, ಈಗ ಆಫೀಸಲ್ಲಿ ಇಂಗ್ಲಿಷ್ ರಿಪೋರ್ಟ್ ಬರಿಯೋ ಕೆಲ್ಸ, ಗ್ರಾಮರ್ ಹೆಂಗೋ ನಡಿಯುತ್ತೆ ಆದ್ರೆ ಹೈಫನ್ ಮಾತ್ರ ತಲೆಗೆ ಹತ್ತುತ್ತಿಲ್ಲ. ನಿನ್ನೆ 'ಎ ವೆಲ್ ನೋನ್ ಸಪ್ಲೈಯರ್' ಅಂತ ಬರ್ದಿದ್ದೆ, ನಮ್ಮ ಲೀಡ್ ಮಧ್ಯೆ ಹೈಫನ್ ಹಾಕಿದ್ರು, ಸರಿ ಅಂತ ಮುಂದಿನ ಪ್ಯಾರಾದಲ್ಲಿ 'ದಿ ಸಪ್ಲೈಯರ್ ಈಸ್ ವೆಲ್-ನೋನ್' ಅಂತ ನಾನೇ ಹಾಕ್ದೆ, ಅದನ್ನ ತೆಗ್ದುಬಿಟ್ರು. 'ಹೈಲಿ-ಸ್ಕಿಲ್ಡ್ ವರ್ಕರ್ಸ್' ಅಲ್ಲೂ ತೆಗ್ದ್ರು. ಕೇಳಿದ್ರೆ ಓದ್ತಾ ಓದ್ತಾ ಗೊತ್ತಾಗುತ್ತೆ ಅಂತಾರೆ. ಲೆಕ್ಕ ಏನಾದ್ರೂ ಇದ್ಯಾ ಇಲ್ಲ ಅವರವರ ಮೂಡಾ?

ಹಳೇಮೇಷ್ಟ್ರು
ಮೂರೂ ಕಡೆ ನಿಮ್ಮ ಲೀಡ್ ಸರಿನೇ ಕಣಮ್ಮ, ಹೇಳಿಕೊಡೋಕೆ ಸೋಮಾರಿತನ ಅಷ್ಟೆ.

ಅವೆನ್ಯೂ ರೋಡಿಗೆ ಹೋಗಿ 'ಹಳೆ ಕನ್ನಡ ಪುಸ್ತಕ ಕೊಡಿ' ಅಂದ್ರೆ ಯಾರೋ ಓದಿ ಮಾರಿದ ಎಂಟನೇ ಕ್ಲಾಸ್ ಪುಸ್ತಕ ಕೊಡ್ತಾರೆ, 'ಹಳಗನ್ನಡ ಪುಸ್ತಕ' ಅಂದ್ರೆ ಪಂಪ ರನ್ನರ ಕಡೆ ಕೈ ಹೋಗುತ್ತೆ. ಮೊದಲನೇದ್ರಲ್ಲಿ ಹಳೇದಾಗಿರೋದು ಪುಸ್ತಕ, ಎರಡನೇದ್ರಲ್ಲಿ ಕನ್ನಡ. ನಾವು ಆದೇಶ ಸಂಧಿ ಮಾಡಿ ಕ-ನ ಗ ಮಾಡಿ ಅಂಟಿಸ್ತೀವಿ, ಇಂಗ್ಲಿಷ್‌ನವ್ರು ಮಧ್ಯೆ ಗೀಟು, ಅಂದ್ರೆ ಹೈಫನ್, ಎಳೀತಾರೆ. 'ಸ್ಮಾಲ್-ಬಿಸಿನೆಸ್ ಓನರ್' ಅಂದ್ರೆ ಸಣ್ಣ ವ್ಯಾಪಾರದ ಮಾಲೀಕ, ಗೀಟು ತೆಗೆದ್ರೆ ಮಾಲೀಕನೇ ಕುಳ್ಳನೇನೋ ಅನ್ನಿಸಬಹುದು.

ನಾಮಪದದ ಮುಂಚೆ ಬಂದಾಗ್ಲೇ ಈ ಗೊಂದಲ. ವಾಕ್ಯದ ಕೊನೇಲಿ 'ಈಸ್ ವೆಲ್ ನೋನ್' ಅಂದಾಗ ಮುಂದೆ ಗಂಟು ಬೀಳೋಕೆ ಪದಾನೇ ಇಲ್ವಲ್ಲ. 'ಹೈಲಿ' ಕಥೆನೂ ಅದೇ, ಅದು ಕ್ರಿಯಾವಿಶೇಷಣ, 'ವರ್ಕರ್ಸ್'ಗೆ ಹೋಗಿ ಅಂಟ್ಕೊಳ್ಳೋಕೆ ಆಗಲ್ಲ. ಹಂಗಂತ 'ಲಿ' ಕಂಡ್ ಕೂಡ್ಲೆ ಗೀಟು ಕಿತ್ತಾಕ್ಬೇಡಿ, 'ಫ್ರೆಂಡ್ಲಿ' ಗುಣವಾಚಕ, 'ಫ್ರೆಂಡ್ಲಿ-ಲುಕಿಂಗ್ ಡಾಗ್'ಗೆ ಬೇಕು.

ರಾತ್ರಿಪಾಳಿ_ಡೆಸ್ಕ್
ಮೇಷ್ಟ್ರ ಹಳಗನ್ನಡ ಸೂಪರ್ 👌 ಕಾಪಿ ಎಡಿಟಿಂಗ್ ಮಾಡೋನಾಗಿ ನಾನು ದಿನಾ ತಿದ್ದೋದು 'ಫೈವ್ ಇಯರ್ಸ್ ಓಲ್ಡ್ ಬಾಯ್'. ಹೈಫನ್ ಬಂದ್ರೆ ಎಸ್ ಹೋಗುತ್ತೆ, 'ಫೈವ್-ಇಯರ್-ಓಲ್ಡ್ ಬಾಯ್', ಗೀಟು ಎರಡು. ಆಮೇಲೆ ಫ್ಲ್ಯಾಟ್ ಜಾಹೀರಾತಲ್ಲಿ 'ಟೂ- ಅಂಡ್ ತ್ರೀ-ಬೆಡ್‌ರೂಮ್' ಅಂತ ಬಂದ್ರೆ ಆ ಒಂಟಿ ಗೀಟು ಪ್ರಿಂಟ್ ಮಿಸ್ಟೇಕ್ ಅಲ್ಲ, 'ಟೂ' ಕೂಡ ಬೆಡ್‌ರೂಮ್‌ಗೆ ಕಾಯ್ತಾ ನಿಂತಿದೆ.

ಸುಮ್ನೆ_ಬಂದೆ
ಇಷ್ಟೆಲ್ಲಾ ಯಾಕ್ ಗುರು, 2007ರಲ್ಲಿ ಶಾರ್ಟರ್ ಆಕ್ಸ್‌ಫರ್ಡ್ ಡಿಕ್ಷನರಿಯವ್ರೇ ಸುಮಾರು 16,000 ಹೈಫನ್ ಕಿತ್ತಾಕಿದ್ರು

ರಾತ್ರಿಪಾಳಿ_ಡೆಸ್ಕ್
@ಸುಮ್ನೆ_ಬಂದೆ ಅದ್ರಲ್ಲಿ ಹೆಚ್ಚಿನವು ನಾಮಪದ ಗುರು, 'ಐಸ್-ಕ್ರೀಮ್' ಬಿಡಿಯಾಯ್ತು, 'ಬಂಬಲ್-ಬೀ' ಒಂದೇ ಪದ ಆಯ್ತು, ಆ ಥರ. ಗುಣವಾಚಕದ ತಂಟೆಗೆ ಹೋದ್ರೆ ಏನಾಗುತ್ತೆ ಅಂತ ಎಪಿ ಸ್ಟೈಲ್‌ಬುಕ್‌ನವ್ರನ್ನ (ಅಮೆರಿಕದ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಬರವಣಿಗೆ ಕೈಪಿಡಿ) ಕೇಳು, 2019ರಲ್ಲಿ 'ಫಸ್ಟ್ ಕ್ವಾರ್ಟರ್ ಟಚ್‌ಡೌನ್'ಗೆ ಹೈಫನ್ ಬೇಡ ಅಂದ್ರು, ಎಡಿಟರ್‌ಗಳು ರೊಚ್ಚಿಗೆದ್ದು ಅದೇ ವರ್ಷ ವಾಪಸ್ ತಗೊಂಡ್ರು.

ಮಳೆಬಿಲ್ಲು_22
ಹಳಗನ್ನಡ ಅಂದ್ಮೇಲೆ ತಲೆಗೆ ಹೋಯ್ತು ಮೇಷ್ಟ್ರೇ 🙏 ಹಂಗಾದ್ರೆ ರೆಸ್ಯೂಮೆಲಿ 'ಫೈವ್-ಇಯರ್ಸ್ ಎಕ್ಸ್‌ಪೀರಿಯನ್ಸ್' ಅಂತ ಹಾಕಿದ್ದೀನಲ್ಲ ಅದು ತಪ್ಪಾ?

ಹಳೇಮೇಷ್ಟ್ರು
ತಪ್ಪು. ಅದು 'ಐದು ವರ್ಷದ ಅನುಭವ', ಷಷ್ಠಿ ವಿಭಕ್ತಿ. ಗೀಟು ತೆಗ್ದು 'ಇಯರ್ಸ್' ಆದ್ಮೇಲೆ ಅಪಾಸ್ಟ್ರಫಿ ಹಾಕಿ, ಎಸ್ ಆದ್ಮೇಲೆ, ಮುಂಚೆ ಅಲ್ಲ. ಅಪಾಸ್ಟ್ರಫಿಗೆ ಬೇರೆ ಥ್ರೆಡ್ ಶುರು ಮಾಡಿ, ನಂಗೆ ಊಟಕ್ಕೆ ಕರೀತಿದ್ದಾರೆ.