38 ಜೋಡಿ ಇದೆ, ಹಾಕೋದು ನಾಲ್ಕೇ

ಕಪಾಟಿನ ಬಾಗಿಲು ಮುಚ್ಚೋಕೆ ಆಗದೆ ಕಳೆದ ವಾರ ಎಲ್ಲ ಹೊರಗೆ ತೆಗೆದು ಎಣಿಸಿದೆ. ಶೂ, ಸ್ಯಾಂಡಲ್, ಚಪ್ಪಲಿ, ಹೀಲ್ಸ್ ಎಲ್ಲ ಸೇರಿ 38 ಜೋಡಿ. ದಿನಾ ಕಾಲಿಗೇರೋದು ಅದೇ ನಾಲ್ಕು. ಕಡಿಮೆ ಸಾಮಾನಿನಲ್ಲಿ ಬದುಕಬೇಕು ಅಂತ ಬಟ್ಟೆ, ಪಾತ್ರೆ, ಪುಸ್ತಕ ಎಲ್ಲ ಇಳಿಸಿದವಳು ನಾನು. ಇದೊಂದರ ಮುಂದೆ ಮಾತ್ರ ಕೈ ಬರ್ತಿಲ್ಲ. ಯಾವುದನ್ನ ಎತ್ತಿದರೂ 'ಮುಂದೆ ಯಾವಾಗಲಾದರೂ ಬೇಕಾದರೆ?' ಅನ್ಸುತ್ತೆ. ಕಡಿಮೆ ಮಾಡಿದವರು ಹೇಗೆ ಮಾಡಿದಿರಿ, ಆಮೇಲೆ ಬೇಜಾರಾಯ್ತಾ, ಹೇಳಿ.

*

ನಂದು ಟ್ರೆಕ್ಕಿಂಗ್ ಬೂಟಿನ ಕಥೆ. ದುಬಾರಿ ಜೋಡಿ. ಎರಡೇ ಸಲ ಹಾಕಿ, ಮತ್ತೆ ಬೇಕಾಗುತ್ತೆ ಅಂತ ಡಬ್ಬಿಯಲ್ಲಿ ಭದ್ರವಾಗಿಟ್ಟೆ. ಏಳು ವರ್ಷ ಕಳೆದ ಮೇಲೆ ಗುಡ್ಡ ಹತ್ತೋಕೆ ಅದನ್ನೇ ಹಾಕಿಕೊಂಡು ಹೊರಟೆ. ಅರ್ಧ ದಾರಿಯಲ್ಲಿ ಎಡಗಾಲಿನ ಅಟ್ಟೆ ಬಾಯಿ ಬಿಟ್ಟಿತು, ಸ್ವಲ್ಪ ಹೊತ್ತಿಗೆ ಬಲಗಾಲಿನದೂ. ಒಳಗಿನ ಮೆತ್ತೆ ಹಳೇ ಗಾರೆ ಥರ ಪುಡಿ ಪುಡಿ. ಲೇಸ್ ಬಿಚ್ಚಿ ಅಟ್ಟೆಗೆ ಸುತ್ತಿ ಕಟ್ಟಿಕೊಂಡು ಹೇಗೋ ಇಳಿದೆ. ಜೊತೆಗಿದ್ದವರು ಇವತ್ತಿಗೂ ಆಡಿಕೊಳ್ತಾರೆ.

ಆಮೇಲೆ ಓದಿ ತಿಳಿದದ್ದು: ಇಂಥ ಬೂಟುಗಳ ನಡುವಿನ ಮೆತ್ತೆ ಬಹಳ ಸಲ ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್ ಫೋಮ್. ಗಾಳಿಯಲ್ಲಿರೋ ತೇವ ಅದರ ಅಣುಗಳ ಸರಪಳಿಯನ್ನೇ ನಿಧಾನಕ್ಕೆ ಕಡಿಯುತ್ತಾ ಹೋಗುತ್ತೆ, ಹೈಡ್ರಾಲಿಸಿಸ್ ಅಂತಾರೆ. ನೀವು ಹಾಕಿದರೂ ಅಷ್ಟೆ, ಹಾಕದಿದ್ದರೂ ಅಷ್ಟೆ. ಮುಚ್ಚಿದ ಡಬ್ಬಿಯೊಳಗೆ ತೇವ ಸಿಕ್ಕಿಹಾಕಿಕೊಂಡರೆ ಇನ್ನೂ ಬೇಗ. ಕೃತಕ ಚರ್ಮದ ಮೇಲ್ಪದರ ಹೊಟ್ಟಿನ ಥರ ಉದುರೋದೂ ಹೆಚ್ಚಾಗಿ ಇದೇ ಕಾರಣಕ್ಕೆ. 'ಮುಂದೆ ಬೇಕಾದರೆ' ಅಂತ ಇಡ್ತೀರಲ್ಲ, ಆ ಮುಂದೆ ಬರೋ ಹೊತ್ತಿಗೆ ಶೂ ಇರಲ್ಲ. ಹಳೇ ಜೋಡಿಗಳ ಅಟ್ಟೆಯನ್ನ ಹೆಬ್ಬೆರಳಲ್ಲಿ ಗಟ್ಟಿಯಾಗಿ ಒತ್ತಿ, ಬಗ್ಗಿಸಿ ನೋಡಿ. ಬಿರುಕು ಕಂಡರೆ, ಅಂಟಂಟಾದರೆ, ಪುಡಿ ಬಂದರೆ ಯೋಚನೆ ಮಾಡೋ ಕೆಲಸವೇ ಇಲ್ಲ.

*

ಶೂ ಚೆನ್ನಾಗೇ ಇದ್ದರೂ ಕಾಲು ಬದಲಾಗಿರುತ್ತೆ. ಎರಡನೇ ಹೆರಿಗೆ ಆದಮೇಲೆ ನನ್ನ ಪಾದ ಅರ್ಧ ಸೈಜ್ ದೊಡ್ಡದಾಯ್ತು, ಹಿಂದಕ್ಕೆ ಬರಲೇ ಇಲ್ಲ. ಅದಕ್ಕೇ ಕೂತು ಯೋಚಿಸಬೇಡಿ, ಹಾಕಿ ನೋಡಿ. ಅದೂ ಸಂಜೆ, ಪಾದ ಸ್ವಲ್ಪ ಊದಿರೋ ಹೊತ್ತಲ್ಲಿ. ಮನೆಯೊಳಗೇ ಹತ್ತು ನಿಮಿಷ ಓಡಾಡಿ. ಬೆರಳು ಮಡಚಿಕೋಬೇಕಾ, ಹಿಮ್ಮಡಿ ಉಜ್ಜುತ್ತಾ? ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಅಂತ ನಮಗೆ ನಾವೇ ಹೇಳ್ಕೋತೀವಿ. ಚರ್ಮದ್ದಾದರೆ ಸ್ವಲ್ಪ ಅಗಲ ಆಗುತ್ತೆ ನಿಜ, ಉದ್ದ ಆಗಲ್ಲ. ನನ್ನ 26ರಲ್ಲಿ 11 ಒಂದೇ ಸಂಜೆಗೆ ಹೋದವು. ಅಳು ಬಂದದ್ದು ಒಂದಕ್ಕೆ ಮಾತ್ರ.

*

ನೆಲದ ಮೇಲೆ ಬಣ್ಣದ ಪ್ರಕಾರ ಸಾಲಾಗಿ ಇಡಿ. ನನ್ನಲ್ಲಿ ಕಪ್ಪು ಫ್ಲಾಟ್ಸ್ ಆರು ಜೋಡಿ ಇದ್ದವು. ಯಾವುದಕ್ಕೂ ಯಾವುದಕ್ಕೂ ಏನು ವ್ಯತ್ಯಾಸ ಅಂತ ನನಗೇ ಹೇಳೋಕೆ ಆಗಲಿಲ್ಲ.

*

ನಾನು ಸ್ವಲ್ಪ ಅಡ್ಡ ಮಾತಾಡ್ತೀನಿ. ಉತ್ಸಾಹದಲ್ಲಿ ಮೂರೇ ಜೋಡಿಗೆ ಇಳಿಸಿ ಕೈ ಸುಟ್ಟುಕೊಂಡವನು ನಾನು. ಆಫೀಸಿಗೆ ಒಂದೇ ಚರ್ಮದ ಶೂ ಇಟ್ಟುಕೊಂಡಿದ್ದೆ. ದಿನವಿಡೀ ಬೆವರು ಕುಡಿದ ಚರ್ಮ ಒಂದು ರಾತ್ರಿಗೆ ಪೂರ್ತಿ ಆರಲ್ಲ. ಕೆಲವೇ ತಿಂಗಳಿಗೆ ಒಳಪದರ ಕಿತ್ತು ಬಂತು, ವಾಸನೆ ಬೇರೆ. ಈಗ ಎರಡು ಜೋಡಿ, ದಿನ ಬಿಟ್ಟು ದಿನ. ಓಡೋ ಶೂ ಲೆಕ್ಕವೇ ಬೇರೆ. 500ರಿಂದ 800 ಕಿ.ಮೀ. ಆಗೋ ಹೊತ್ತಿಗೆ ಮೇಲೆ ಹೊಸದರಂತೆ ಕಂಡರೂ ಒಳಗಿನ ಫೋಮ್ ಕೂತುಬಿಟ್ಟಿರುತ್ತೆ, ಅದನ್ನ ಉಳಿಸ್ಕೊಂಡು ಉಪಯೋಗ ಇಲ್ಲ.

ಹಾಗಾಗಿ ಇಷ್ಟೇ ಜೋಡಿ ಅಂತ ಮೊದಲೇ ಅಂಕಿ ಗೊತ್ತುಮಾಡ್ಕೋಬೇಡಿ. ಒಂದು ತಿಂಗಳಲ್ಲಿ ಎಲ್ಲೆಲ್ಲಿ ಹೋಗ್ತೀರಿ, ಏನೇನು ಮಾಡ್ತೀರಿ ಬರೆದು, ಪ್ರತಿಯೊಂದರ ಎದುರಿಗೆ ಯಾವ ಜೋಡಿ ಅಂತ ಬರೀರಿ. ಯಾವುದರ ಎದುರಿಗೂ ಬಾರದ್ದು ಹೊರಗೆ. ನನಗೆ ಕುಣಿಯೋಕೆ ಬರಲ್ಲ. ಡಾನ್ಸ್ ಶೂ ಇತ್ತು.

*

ಬೇಡದ್ದನ್ನ ಏನು ಮಾಡಬೇಕು ಅಂತ ಯಾರೂ ಹೇಳಲೇ ಇಲ್ಲ. ಹಳೇ ಬಟ್ಟೆ, ಶೂ ಸಂಗ್ರಹಿಸೋ ಕಡೆ ವಿಂಗಡಿಸೋ ಕೆಲಸಕ್ಕೆ ಹೋಗ್ತಿದ್ದೆ. ಅಲ್ಲಿ ದೊಡ್ಡ ತಲೆನೋವು ಒಂಟಿ ಶೂಗಳದ್ದು: ಎಡದ್ದು ಈ ಚೀಲದಲ್ಲಿ, ಬಲದ್ದು ಎಲ್ಲೋ. ದಯವಿಟ್ಟು ಎರಡರ ಲೇಸ್ ಸೇರಿಸಿ ಗಂಟು ಹಾಕಿ, ಲೇಸ್ ಇಲ್ಲದ್ದಕ್ಕೆ ರಬ್ಬರ್ ಬ್ಯಾಂಡ್. ಒರೆಸಿ, ಪೂರ್ತಿ ಒಣಗಿಸಿ ಕೊಡಿ. ಬೂಷ್ಟು ಹಿಡಿದದ್ದು ಒಂದಿದ್ದರೆ ಇಡೀ ಚೀಲಕ್ಕೆ ಹಬ್ಬುತ್ತೆ. ಅಟ್ಟೆ ಒಂದೇ ಪಕ್ಕ ಸವೆದದ್ದನ್ನ ಕೊಡಬೇಡಿ, ಅದು ನಿಮ್ಮ ನಡಿಗೆಗೆ ಸವೆದದ್ದು, ಇನ್ನೊಬ್ಬರ ಕಾಲು ಅದರಲ್ಲಿ ನೆಟ್ಟಗೆ ನಿಲ್ಲಲ್ಲ. ರಬ್ಬರ್, ಫೋಮ್, ಬಟ್ಟೆ, ಚರ್ಮ ಎಲ್ಲ ಅಂಟಿಸಿ ಮಾಡಿದ ವಸ್ತು, ಬಿಡಿಸಿ ಮರುಬಳಕೆ ಮಾಡೋದು ಕಷ್ಟ. ಹರಿದದ್ದನ್ನ ದಾನದ ಚೀಲಕ್ಕೆ ತುಂಬಿದರೆ ನಿಮ್ಮ ಕಸ ಇನ್ನೊಬ್ಬರ ತಲೆಗೆ ಕಟ್ಟಿದಂತೆ. ಹೊಲಿದ ಅಟ್ಟೆಯ ಚರ್ಮದ ಶೂ ಇದ್ದರೆ ಮಾತ್ರ ಎಸೆಯೋ ಮುಂಚೆ ರಿಪೇರಿಯವರಿಗೆ ತೋರಿಸಿ, ಅಟ್ಟೆ ಬದಲಾಯಿಸಿಕೊಡಬಹುದು.

*

ಕೇಳಿದವಳು ನಾನೇ. ನಿನ್ನೆ ಸಂಜೆ ಎಲ್ಲ ಹಾಕಿ ನೋಡಿದೆ. 9 ಜೋಡಿ ಕಾಲಿಗೇ ಆಗಲಿಲ್ಲ. 4 ಜೋಡಿಯ ಅಟ್ಟೆ ಒತ್ತಿದ ತಕ್ಷಣ ಪುಡಿ ಉದುರಿತು. ಅದರಲ್ಲೊಂದಕ್ಕೆ ಬೆಲೆಯ ಚೀಟಿ ಇನ್ನೂ ಅಂಟಿಕೊಂಡಿತ್ತು, ಒಂದು ದಿನವೂ ಹಾಕಿರಲಿಲ್ಲ. ಪಟ್ಟಿ ಬರೆದ ಮೇಲೆ ಇನ್ನೂ 11 ಹೊರಗೆ ಬಿದ್ದವು. ಕಾಲಿಗಾಗದ್ದೂ ಇವೂ ಸೇರಿ 20 ಜೋಡಿ ಒರೆಸಿ ಗಂಟು ಹಾಕಿಟ್ಟಿದ್ದೀನಿ, ಎಲ್ಲ ಇನ್ನೂ ಗಟ್ಟಿಯಾಗೇ ಇವೆ. ಉಳಿದ 14ರಲ್ಲಿ ಕೆಂಪು ಹೀಲ್ಸ್ ಒಂದಿದೆ. ಸೈಜ್ ಸರಿಯಾಗೇ ಇದೆ, ಹತ್ತು ಹೆಜ್ಜೆಗೆ ಕಚ್ಚುತ್ತೆ. ಪಟ್ಟಿಯಲ್ಲಿ ಅದರ ಎದುರಿಗೆ ಏನು ಬರೆದೆ ಅಂತ ಕೇಳಬೇಡಿ.