ಆಸ್ಟ್ರೇಲಿಯಾದ ಕಾಳ್ಗಿಚ್ಚು: ಕಿಡಿಗೇಡಿಗಳೋ, ಬರವೋ?

ಪ್ರಶ್ನೆ: 2019–20ರ ಬೇಸಿಗೆಯಲ್ಲಿ ಆಸ್ಟ್ರೇಲಿಯಾದ ನೀಲಗಿರಿ ಮರಗಳ ಕಾಡುಗಳು ತಿಂಗಳುಗಟ್ಟಲೆ ಉರಿದುದಕ್ಕೆ ಕಿಡಿಗೇಡಿಗಳೇ ಕಾರಣವೆಂದು ಕೆಲವರು ವಾದಿಸುತ್ತಾರೆ. ಹಾಗಿದ್ದರೆ ಬರದ ಪಾತ್ರವೇನು?

ಉತ್ತರ 1: ಕಿಡಿ ಎಲ್ಲಿಂದ ಬಂತೆಂಬುದಕ್ಕಿಂತ, ಅದು ಬಿದ್ದ ಕಾಡು ಎಷ್ಟು ಒಣಗಿತ್ತೆಂಬುದು ಮುಖ್ಯ. ಆ ದೇಶದ ಅಲ್ಲಿಯವರೆಗಿನ ದಾಖಲೆಗಳಲ್ಲಿ 2019 ಅತ್ಯಂತ ಬಿಸಿಯ, ಅತ್ಯಂತ ಕಡಿಮೆ ಮಳೆಯ ವರ್ಷ. ಸಿಡ್ನಿಯ ವಾಯವ್ಯಕ್ಕಿರುವ ಗಾಸ್ಪರ್ಸ್ ಬೆಟ್ಟದಲ್ಲಿ ಅಕ್ಟೋಬರ್‌ನಲ್ಲಿ ಸಿಡಿಲಿನಿಂದ ಹೊತ್ತಿಕೊಂಡ ಬೆಂಕಿಯೊಂದೇ 5 ಲಕ್ಷ ಹೆಕ್ಟೇರಿಗೂ ಹೆಚ್ಚು ಪ್ರದೇಶವನ್ನು ಸುಟ್ಟಿತು. ಅದಕ್ಕೆ ಯಾವ ಕಿಡಿಗೇಡಿಯೂ ಬೇಕಾಗಲಿಲ್ಲ.

ಉತ್ತರ 2: ಇದರಲ್ಲಿ ನಮಗೂ ಒಂದು ನಂಟಿದೆ. ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬಿಸಿಯಾಗಿ, ಪೂರ್ವ ಭಾಗ ತಣ್ಣಗಾಗಿದ್ದ ಆ ವರ್ಷದ ಸ್ಥಿತಿಯು ಭಾರತದ ಮುಂಗಾರಿಗೆ ನೆರವಾಯಿತು, ಆಸ್ಟ್ರೇಲಿಯಾದ ಮಳೆಯನ್ನು ಕಸಿದುಕೊಂಡಿತು.

ಪ್ರಶ್ನೆ: ಕೊನೆಗೆ ಬೆಂಕಿ ಆರಿದ್ದು ಹೇಗೆ?

ಉತ್ತರ 1: ಬಹುಪಾಲು, 2020ರ ಫೆಬ್ರವರಿಯ ಭಾರಿ ಮಳೆಯಿಂದ.